ಹುಲಿಯ ಮೇಲೆ ಕಾಲಿಟ್ಟ ಅಜ್ಜ

ಉಮರ್ಗಾದಲ್ಲಿ ನಮ್ಮ ಪಕ್ಕದ ಮನೆಯ ಕಿರಾಣಿ ಸಾಹುಕಾರರು ಭೂಕಂಪಕ್ಕೆ ಬಿದ್ದ ವಾಡೆ ಮನೆಯಿಂದ ಮೊದಲು ಹೊರತೆಗೆದದ್ದು ತಮ್ಮ ಅಜ್ಜನ ನೂರು ವರ್ಷ ಹಳೆಯ ಫೋಟೊ. ಹೆಂಡತಿಯ ಸರದಿ ಆಮೇಲೆ ಬಂತು. ಫೋಟೊದಲ್ಲಿ ಅಜ್ಜ ಕತ್ತಿ ಹಿಡಿದು, ಸತ್ತ ಹುಲಿಯ ಮೇಲೆ ಕಾಲಿಟ್ಟಿದ್ದ. ಅಂಗಡಿಯ ಇಲಿಗೂ ಹೆದರುತ್ತಿದ್ದ ಮೊಮ್ಮಗ ಸಾಹುಕಾರರು ಬಂದವರೆದುರು ಮೀಸೆ ತಿರುವುತ್ತಿದ್ದರು: “ನಿಜಾಮರ ಜಮಾನಾರೀ! ನಮ್ಮ ಖಾನದಾನೇ ಬ್ಯಾರೆ.”

ಅವರ ಮಗಳನ್ನು ನೋಡಲು ಉದಗೀರದಿಂದ ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ಗೋಡೆಯ ಮೇಲಿನ ಫೋಟೊ ನೋಡಿ ನಕ್ಕರು.

“ನಮ್ಮ ಅಜ್ಜನ ಫೋಟೋದಾಗೂ ಇದೇ ಕತ್ತಿ, ಇದೇ ಹುಲಿ ಅದರೀ. ಹೈದರಾಬಾದಿನ ಸ್ಟುಡಿಯೋದಾಗ ಇಟ್ಟಿದ್ರಂತ. ಹುಲಿ ಒಳಗ ಬರೇ ಹುಲ್ಲು!”

ಸಾಹುಕಾರರ ಕೈ ಮೀಸೆಯಿಂದ ಇಳಿಯಲಿಲ್ಲ.

“ಹಂಗಾದ್ರ ಹೊಡೆದಂವ ನಮ್ಮ ಅಜ್ಜರೀ. ನಿಮ್ಮ ಅಜ್ಜ ಬರೇ ಕಾಲಿಟ್ಟಾನ!”

ಬಂದವರು ಚಹಾ ಮುಟ್ಟದೆ ಎದ್ದರು. ಮನೆಯಲ್ಲಿ ಹುಲಿಯೂ ಉಳಿಯಿತು, ಮಗಳೂ ಉಳಿದಳು.