ಅತ್ತೆಯ ಮೈಲೇಜು

ನಲವತ್ತೈದು ತುಂಬಿದ ವರ್ಷ ನನ್ನ ಗಂಡ ಮನೆಯ ಒಳ್ಳೆಯ ಕಾರನ್ನು ಮಾರಿ, ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಂಥ, ಅರಿಶಿನ ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಗೋವೆಯಿಂದ ತಂದರು. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಓಣಿಗೆ ಬಂದು, ಬೀದಿನಾಯಿಗಳೆಲ್ಲ ಒಟ್ಟಿಗೆ ಬೊಗಳುವ ಹಾಗೆ ಎಂಜಿನ್ನಿಂದ ಒಮ್ಮೆ ಗರ್ಜನೆ ಹೊರಡಿಸಿ, ಇಳಿಯಲು ಹೋದವರು ಇಳಿಯಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ನಾನೂ ಪಕ್ಕದ ಮನೆಯವರೂ ಸೇರಿ ಅವರನ್ನು ಹೊರಗೆಳೆದೆವು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಮುಂದೆ ತಗ್ಗಿನ ಸೀಟಿನಲ್ಲಿ ಕೂರಲೇಬಾರದು ಅಂದರು.

ಹೀಗೆ ಆ ಕಾರು ನನ್ನ ಪಾಲಿಗೆ ಬಂತು. ನಾನು ಹಲ್ಲಿನ ಡಾಕ್ಟರು. ಕ್ಲಿನಿಕ್ಕು ಖಾನಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ. ದಿನಾ ಹೋಗಿ ಬರಬೇಕು. ಮಾರಿಬಿಡೋಣವೆಂದರೆ, ನೋಡಲು ಬಂದವರು ಬಾನೆಟ್ಟು ಸವರಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಕೊನೆಗೆ ಕೇಳುತ್ತಿದ್ದರು: "ಎಷ್ಟು ಕೊಡತೈತ್ರಿ?" ಲೀಟರಿಗೆ ಏಳು ಕಿಲೋಮೀಟರ್ ಎಂದ ಕೂಡಲೇ ಬಾನೆಟ್ಟಿನ ಮೇಲಿದ್ದ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಒಬ್ಬರಂತೂ ನನ್ನ ಗಂಡನ ಭುಜ ತಟ್ಟಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ "ಧೈರ್ಯಾ ತಗೋರಿ" ಅಂದು ಹೋದರು.

ಅತ್ತೆ ಈ ಕಾರು ಹತ್ತಿದ್ದು ತಮ್ಮ ತಂಗಿಯ ಕಣ್ಣಿನ ಸಲುವಾಗಿ. ಖಾನಾಪುರದಲ್ಲಿದ್ದ ಆ ತಂಗಿಗೆ ಪೊರೆಯ ಆಪರೇಶನ್ ಆಗಿತ್ತು. ಔಷಧಿಯ ಹನಿ ಹಾಕಲು ಮನೆಯಲ್ಲಿ ಮಂದಿ ಇದ್ದರೂ ಅತ್ತೆಗೆ ಯಾರ ಕೈಯ ಮೇಲೂ ನಂಬಿಕೆಯಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಇಳಕಲ್ ಸೀರೆಯ ನಿರಿಗೆ ಹಿಡಿದುಕೊಂಡು, ಮೊದಲು ಹಿಂಭಾಗವನ್ನು ಸೀಟಿಗೆ ಬಿಟ್ಟು, ಆಮೇಲೆ ಎರಡೂ ಕಾಲನ್ನು ಒಳಗೆ ತಿರುಗಿಸಿ, ಮಗನಿಗೆ ಆಗದ ಕೆಲಸವನ್ನು ಮೊದಲ ದಿನವೇ ಸಲೀಸಾಗಿ ಮಾಡಿದರು.

ಅಂದು ಸಂಜೆ ಕರೆದುಕೊಂಡು ಬರಲು ಹೋದಾಗ ತಂಗಿ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ಅಕ್ಕಾ, ನಿಮ್ಮ ಗಾಡಿ ಎಷ್ಟು ಕೊಡತೈತಿ?"

"ಏಳು," ಅಂದರು ಅತ್ತೆ.

"ಅಯ್ಯ ಶಿವನೇ! ನಮ್ಮದು ಏಳು ಮಂದೀನ್ನ ಹೊತಗೊಂಡು ಹದಿನಾಲ್ಕು ಕೊಡತೈತಿ. ನಿಮ್ಮದು ಇಬ್ಬರನ್ನ ಹೊತಗೊಂಡು ಏಳs?"

ಅತ್ತೆ ಬಂದು ಕಾರಿನಲ್ಲಿ ಕೂತರು. ಮಲಪ್ರಭೆ ಹೊಳೆಯಲ್ಲಿ ನೀರು ಎಷ್ಟಿದೆ ಅಂತಲೂ ಕೇಳಲಿಲ್ಲ. ಅರ್ಧ ದಾರಿಗೆ ಬಂದ ಮೇಲೆ, ಮೀಟರಿನ ಪಕ್ಕದಲ್ಲಿ ಹೊಳೆಯುತ್ತಿದ್ದ ಅಂಕಿಗೆ ಬೆರಳು ತೋರಿಸಿದರು.

"ಇದೇನು?"

"ಅದs ಮೈಲೇಜ್ರಿ ಅತ್ತಿ. ಹೆಂಗ ಹೊಡೀತೀವಿ ಹಂಗ ಏರತೈತಿ, ಇಳೀತೈತಿ."

"ಅಂದರ ಗಾಡೀದು ತಪ್ಪಿಲ್ಲ. ನಿನ್ನ ಕಾಲಿಂದು."

ಮರುದಿನದಿಂದ ನನ್ನ ಬಲಗಾಲಿಗೆ ಪಾಠ ಶುರುವಾಯಿತು. ಅತ್ತೆಗೆ ಡ್ರೈವಿಂಗ್ ಬರುವುದಿಲ್ಲ, ಸೈಕಲ್ಲೂ ಹೊಡೆದವರಲ್ಲ. ಆದರೆ ಅಡುಗೆಮನೆಯಲ್ಲಿ ಒಂದು ಗ್ಯಾಸ್ ಸಿಲಿಂಡರನ್ನು ಬೇರೆಯವರ ಎರಡು ಸಿಲಿಂಡರಿನಷ್ಟು ದಿನ ಓಡಿಸಿದವರು. ಬೇಳೆ ನೆನೆಸದೆ ಒಲೆಗಿಟ್ಟವರನ್ನು ಕೊಲೆಗಾರರಂತೆ ನೋಡುವವರು.

"ಕುಕ್ಕರ್ ಎರಡು ಸೀಟಿ ಹೊಡದ ಮ್ಯಾಲೆ ಗ್ಯಾಸ್ ಬಂದ್ ಮಾಡತೀವಿಲ್ಲೋ? ಉಳದದ್ದು ಆ ಬಿಸಿಗೇನ ಕುದೀತೈತಿ. ಗಾಡೀನೂ ಹಂಗ. ಮುಂದ ಸಿಗ್ನಲ್ ಕೆಂಪ ಕಾಣಾಕತ್ತೈತಿ, ಇನ್ನೂ ಯಾಕ ಕಾಲು ಒತ್ತೀದಿ?"

ನಾನು ಕಾಲು ತೆಗೆದೆ. ಕಾರು ತನ್ನಷ್ಟಕ್ಕೆ ಜಾರಿಕೊಂಡು ಹೋಗಿ ಸಿಗ್ನಲ್ಲಿನ ಹತ್ತಿರ ಬರುವಷ್ಟರಲ್ಲಿ ಹಸಿರು ಬಿತ್ತು. ಅಂಕಿ ಒಂದು ಚೂರು ಏರಿತು. ಅತ್ತೆ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ನನ್ನ ಯಾವ ಅಡುಗೆಗೂ ಅವರು ಹಾಗೆ ನೋಡಿರಲಿಲ್ಲ.

ಆಮೇಲೆ ಒಂದೊಂದೇ ನಿಯಮ ಬಂತು. ರೈಲ್ವೆ ಗೇಟು ಬಿದ್ದರೆ ಎಂಜಿನ್ ಬಂದ್. ಟಾಯರಿಗೆ ವಾರವಾರ ಗಾಳಿ. ಏಸಿ ಪೂರ್ತಿ ಬಂದ್. ಕಿಟಕಿ ತೆರೆದರೆ ಗಾಳಿ ಒಳಗೆ ಹೊಕ್ಕು ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಅವರ ಮೊಮ್ಮಗಳು, ಅಂದರೆ ನನ್ನ ಮಗಳು, ಬಾಯಿತಪ್ಪಿ ಹೇಳಿದ್ದರಿಂದ ಕಿಟಕಿಯೂ ಬಂದ್. ಏಪ್ರಿಲ್ ತಿಂಗಳು. ಒಳಗೆ ಅದೆಷ್ಟು ಕಾಯುತ್ತಿತ್ತೆಂದರೆ, ಅತ್ತೆ ಹಿಂದಿನ ಗಾಜಿನ ಕೆಳಗೆ ಬ್ಯಾಡಗಿ ಮೆಣಸಿನಕಾಯಿ ಹರವಿ ಒಣಗಿಸತೊಡಗಿದರು. ಅದರ ಘಾಟಿಗೆ ಕಣ್ಣೀರು ಸುರಿಸುತ್ತ ನಾನು ಕ್ಲಿನಿಕ್ಕಿನ ಮುಂದೆ ಇಳಿಯುವುದನ್ನು ನೋಡಿ ನನ್ನ ಕಾಂಪೌಂಡರು "ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ ಬಾಯಾರ?" ಎಂದು ದಿನಾ ಕೇಳುತ್ತಿದ್ದ.

ಭಾರ ಇಳಿಸುವ ಕೆಲಸವೂ ನಡೆಯಿತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ, ಜಾಕು, ಹಗ್ಗ, ಸಾಮಾನಿನ ಪೆಟ್ಟಿಗೆ ಎಲ್ಲವೂ ಮನೆಯ ಅಟ್ಟ ಸೇರಿದವು. ಪೆಟ್ರೋಲನ್ನೂ ಅವರು ಭಾರವೆಂದೇ ಎಣಿಸಿದರು. "ತುಂಬಿದ ಕೊಡ ಹೊತಗೊಂಡು ಓಡತೀಯೇನು? ಬೇಕಾದಷ್ಟ ಹಾಕ್ಸು." ಇಳಿಜಾರಿನಲ್ಲಿ ಎಂಜಿನ್ನೇ ಬಂದ್ ಮಾಡು ಎಂದಾಗ ಮಾತ್ರ ನಾನು ಕೇಳಲಿಲ್ಲ.

"ಬ್ರೇಕ್ ಹಿಡಿಯೂದಿಲ್ರಿ ಅತ್ತಿ."

"ಹಿಡಿಯಾಕ ಹೋಗಬ್ಯಾಡ. ಬ್ರೇಕ್ ಹಿಡದ್ರ ಪೆಟ್ರೋಲ್ ದಂಡ."

ನಮ್ಮ ಕಾರು ಗಂಟೆಗೆ ನೂರಾ ಎಂಬತ್ತು ಹೋಗಲು ಹುಟ್ಟಿದ್ದು. ಅದು ಈಗ ಹೈವೇಯ ಎಡ ಅಂಚಿನಲ್ಲಿ ಗರ್ಭಿಣಿಯ ಹಾಗೆ ನಡೆಯತೊಡಗಿತು. ಹಾಲಿನ ಕ್ಯಾನಿನ ಬೈಕುಗಳು ನಮ್ಮನ್ನು ದಾಟಿದವು. ಒಂದು ದಿನ ಗೂಡ್ಸ್ ಟೆಂಪೊದಲ್ಲಿ ನಿಂತಿದ್ದ ಎಮ್ಮೆಯೊಂದು ನಮ್ಮನ್ನು ದಾಟಿತು. ಆ ಗಾಡಿಗೂ ಅವಸರವಿರಲಿಲ್ಲವಾದ್ದರಿಂದ ಎಮ್ಮೆ ನನ್ನ ಕಿಟಕಿಯ ಪಕ್ಕದಲ್ಲೇ ಬಹಳ ಹೊತ್ತು ಇತ್ತು. ನಾನು ಮುಖ ತಿರುಗಿಸಿದೆ.

ಆದರೆ ಅಂಕಿ ಏರುತ್ತಿತ್ತು. ಎಂಟಾಯಿತು, ಒಂಬತ್ತೂವರೆ ಆಯಿತು, ಮೇ ತಿಂಗಳಲ್ಲಿ ಹನ್ನೊಂದು ದಾಟಿತು. ತಂಗಿಯ ಕಣ್ಣು ಅಷ್ಟೊತ್ತಿಗೆ ಪೂರ್ತಿ ಗುಣವಾಗಿ, ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಅತ್ತೆ ಬರುವುದನ್ನು ನಿಲ್ಲಿಸಲಿಲ್ಲ, ಇನ್ನೂ ಯಾಕೆ ಬರುತ್ತೀರಿ ಎಂದು ನಾನೂ ಕೇಳಲಿಲ್ಲ. ಅಷ್ಟು ನಿಧಾನ ಹೋಗುವಾಗ ಇಬ್ಬರು ಹೆಂಗಸರು ಮಾತಾಡದೆ ಇರಲು ಆಗುವುದಿಲ್ಲ. ಒಂದು ದಿನ ಪೀರನವಾಡಿಯ ಹತ್ತಿರ ಅವರು ಇದ್ದಕ್ಕಿದ್ದಂತೆ ಹೇಳಿದರು: "ನನಗ ಕುಂದಾ ಸೇರೂದಿಲ್ಲ."

ಕುಂದಾ ನಮ್ಮೂರಿನ ಹೆಸರುವಾಸಿ ಸಿಹಿ; ಬೆಳಗಾವಿಯವರು ಈ ಮಾತು ಆಡುವುದಿಲ್ಲ. ನಾನು ಅವರ ಪ್ರತಿ ಹುಟ್ಟುಹಬ್ಬಕ್ಕೂ ಕುಂದಾವನ್ನೇ ತಂದವಳು.

"ಮತ್ತ ಇಷ್ಟು ವರ್ಷ ತಿಂದ್ರೆಲ್ರಿ?"

"ಕೊಟ್ಟಾಗ ತಿನ್ನಬೇಕಲ್ಲವ್ವ. ಮದವಿಯಾದ ಹೊಸತಾಗ ನಿಮ್ಮ ಮಾವ ತಂದರು. ಛಲೋ ಐತಿ ಅಂದೆ. ಒಮ್ಮೆ ಅಂದದ್ದಕ್ಕ ಐವತ್ತು ವರ್ಷ ತಿಂದೆ."

ಇಬ್ಬರೂ ನಕ್ಕೆವು. ನಗುವಾಗ ನನ್ನ ಕಾಲು ಸ್ವಲ್ಪ ಹೆಚ್ಚು ಒತ್ತಿತು. ಅತ್ತೆ ಕೂಡಲೇ ನಗು ನಿಲ್ಲಿಸಿ ಅಂಕಿ ನೋಡಿದರು.

ಪೆಟ್ರೋಲ್ ಮುಗಿದದ್ದು ಜೂನಿನ ಮೊದಲ ವಾರ, ಮನೆಗೆ ಬರುವಾಗ, ದೇಸೂರಿನ ಹತ್ತಿರ. ಖಾನಾಪುರದಲ್ಲೇ ಕೆಂಪು ದೀಪ ಹತ್ತಿತ್ತು. ಹಾಕಿಸುತ್ತೇನೆ ಅಂದೆ. "ಇನ್ನೂ ಮೂವತ್ತು ಕಿಲೋಮೀಟರ್ ಹೋಗತೈತಿ ಅಂತ ಗಾಡೀನ ಹೇಳಾಕತ್ತೈತಿ. ಅದಕ್ಕ ಗೊತ್ತೋ ನಿನಗ ಗೊತ್ತೋ?" ಅಂದರು ಅತ್ತೆ. ಗಾಡಿಗೆ ಗೊತ್ತಿರಲಿಲ್ಲ. ಎರಡು ಸಲ ಕೆಮ್ಮಿ, ರಸ್ತೆಯ ಬದಿಗೆ ಹೋಗಿ ಸುಮ್ಮನೆ ನಿಂತಿತು.

ಸ್ವಲ್ಪ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರಾಲಿ ಇರಲಿಲ್ಲ, ಹಿಂದೆ ಮುರಿದ ನೇಗಿಲು. ಓಡಿಸುತ್ತಿದ್ದವನು ಐವತ್ತರ ಗಡ್ಡದ ಮನುಷ್ಯ.

"ಕಾಯ್ ಝಾಲಂ, ಬಾಯಿ?" ಏನಾಯಿತೆಂದು ಮರಾಠಿಯಲ್ಲಿ ಕೇಳಿದ.

"ಪೆಟ್ರೋಲ್ ತೀರೇತ್ರಿ," ಅಂದೆ.

ಅವನು ಕಾರನ್ನು ಒಮ್ಮೆ ಸುತ್ತು ಹಾಕಿ, ಕನ್ನಡಕ್ಕೆ ತಿರುಗಿದ. "ನೇಗಿಲಾ ವೆಲ್ಡಿಂಗ್ ಮಾಡ್ಸಾಕ ಉದ್ಯಮಬಾಗಕ್ಕ ಹೊಂಟೇನಿ. ಪಂಪಿನ ತನಕಾ ಎಳದು ಬಿಡತೀನಿ, ಬರ್ರಿ." ಹಗ್ಗವೂ ಅವನದೇ; ನಮ್ಮದು ಅಟ್ಟದ ಮೇಲಿತ್ತು.

ಸ್ಟೇರಿಂಗ್ ಲಾಕ್ ಆಗದಿರಲೆಂದು ಕೀಲಿ ತಿರುವಿ, ನ್ಯೂಟ್ರಲ್‌ಗೆ ಹಾಕಿ ಕೂತೆ. ಟ್ರ್ಯಾಕ್ಟರ್ ಎಳೆಯಿತು. ಸ್ಟೇರಿಂಗ್ ಬೀಸುವ ಕಲ್ಲಿನಷ್ಟು ಭಾರ, ಬ್ರೇಕು ಗೋಡೆ ಒತ್ತಿದ ಹಾಗೆ. ಜೀವ ಕೈಯಲ್ಲಿ ಹಿಡಿದು ನಾನು ಮುಂದಿನ ನೇಗಿಲನ್ನೇ ನೋಡುತ್ತಿದ್ದೆ. ಅತ್ತೆ ಅಂಕಿ ನೋಡುತ್ತಿದ್ದರು.

"ಏ, ಇಲ್ಲಿ ನೋಡು. ಏರಾಕತ್ತೈತಿ!"

ಹನ್ನೊಂದೂವರೆ ಇದ್ದದ್ದು ಹನ್ನೆರಡಾಗಿತ್ತು. ಅಂದು ಬೆಳಿಗ್ಗೆಯೇ ಅವರು ಅದನ್ನು ಸೊನ್ನೆ ಮಾಡಿಸಿದ್ದರು. ಈಗ ಚಕ್ರ ತಿರುಗುತ್ತಿತ್ತು, ಪೆಟ್ರೋಲ್ ಒಂದು ಹನಿಯೂ ಖರ್ಚಾಗುತ್ತಿರಲಿಲ್ಲ. ಕಾರಿನ ಲೆಕ್ಕದಲ್ಲಿ ನಾನು ಲೋಕದ ಅತಿ ಉತ್ತಮ ಡ್ರೈವರ್ ಆಗಿದ್ದೆ. ಹನ್ನೆರಡೂವರೆ. ಹದಿಮೂರು. ಬೈಕಿನಲ್ಲಿ ಬಂದ ನನ್ನ ಪೇಶಂಟ್ ಒಬ್ಬ, ವಾರದ ಹಿಂದೆ ದವಡೆ ಹಲ್ಲು ಕೀಳಿಸಿಕೊಂಡವನು, ಪಕ್ಕಕ್ಕೆ ಬಂದು, ಟ್ರ್ಯಾಕ್ಟರನ್ನೂ ನನ್ನನ್ನೂ ನೋಡಿ, ಮರ್ಯಾದೆಗೆ ಏನಾದರೂ ಕೇಳಬೇಕಲ್ಲ ಎಂದು ಕೂಗಿದ: "ಬಾಯಾರ, ಗಾಡಿ ಭಾರಿ ಐತ್ರಿ. ಎಷ್ಟು ಕೊಡತೈತ್ರಿ?"

ಅತ್ತೆ ಎರಡು ತಿಂಗಳಲ್ಲಿ ಮೊದಲ ಸಲ ಕಿಟಕಿ ಇಳಿಸಿದರು. "ಹದಿಮೂರ ಮ್ಯಾಲ!"

ಮಚ್ಛೆ ದಾಟಿದ ಮೇಲೆ ಪೆಟ್ರೋಲ್ ಪಂಪು ಕಂಡಿತು. ಟ್ರ್ಯಾಕ್ಟರಿನವನು ಕೈ ತೋರಿಸಿ ನಿಧಾನ ಮಾಡಿದ. ಅಂಕಿ ಹದಿಮೂರು ಪಾಯಿಂಟ್ ಆರು. ಅತ್ತೆ ಅರ್ಧ ಮೈಯನ್ನು ಕಿಟಕಿಯಿಂದ ಹೊರಗೆ ಹಾಕಿದರು.

"ಏ ಅಣ್ಣಾ! ನಿಲ್ಲಸಬ್ಯಾಡ್ರಿ! ಎಳೀರಿ!"

ಅವನು ಹಿಂತಿರುಗಿ ನೋಡಿದ. "ಪಂಪ್ ಬಂತ್ರಿ ಆಯಿ!"

"ಗೊತ್ತೈತಿ! ಎಳೀರಿ!"

"ಅತ್ತಿ, ಬ್ಯಾಡ್ರಿ," ಅಂದೆ.

"ನೀ ಸುಮ್ನ ಕುಂದರು. ಬ್ರೇಕ್ ಒತ್ತಬ್ಯಾಡ."

ಪಂಪಿನ ಹುಡುಗರು ನಳಿಕೆ ಹಿಡಿದುಕೊಂಡೇ ನಿಂತು ನಾವು ಹಾದುಹೋಗುವುದನ್ನು ನೋಡಿದರು. ಅಲ್ಲಿಂದ ಸ್ವಲ್ಪ ಮುಂದೆ ಹದಿನಾಲ್ಕು ಬಿತ್ತು. ಅತ್ತೆ ಕೈ ಮುಗಿದರು, ಯಾರಿಗೆಂದು ತಿಳಿಯಲಿಲ್ಲ. ಉದ್ಯಮಬಾಗದಲ್ಲಿ ಟ್ರ್ಯಾಕ್ಟರಿನವನನ್ನು ಏನು ಹೇಳಿ ಒಪ್ಪಿಸಿದರೋ, ಅವನು ವೆಲ್ಡಿಂಗ್ ಅಂಗಡಿಯನ್ನೂ ದಾಟಿ ನಮ್ಮನ್ನು ಮನೆಯ ಗೇಟಿನವರೆಗೆ ಎಳೆದುಕೊಂಡು ಬಂದ. ಹದಿನಾಲ್ಕು ಪಾಯಿಂಟ್ ಎಂಟು. ನನ್ನ ಗಂಡ ಸೊಂಟದ ಪಟ್ಟಿ ಹಿಡಿದುಕೊಂಡು ಹೊರಗೆ ಬಂದು, ನೇಗಿಲು, ಹಗ್ಗ, ತಮ್ಮ ಕಾರು, ಹೀಗೆ ಒಂದೊಂದಾಗಿ ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅತ್ತೆ ಟ್ರ್ಯಾಕ್ಟರಿನವನಿಗೆ ಊಟ ಹಾಕಿಯೇ ಕಳಿಸಿದರು.

ತಂಗಿಗೆ ಅವತ್ತೇ ಫೋನ್ ಹೋಯಿತು. ಅಂಕಿ ಮಾತ್ರ ಹೇಳಿದರು, ಟ್ರ್ಯಾಕ್ಟರಿನ ಮಾತು ಎತ್ತಲಿಲ್ಲ. ತಂಗಿ ಅದನ್ನು ಎರಡೆರಡು ಸಲ ಹೇಳಿಸಿಕೊಂಡರು.

ಮರುದಿನ ನಾನು ಕ್ಯಾನಿನಲ್ಲಿ ಪೆಟ್ರೋಲ್ ತಂದೆ. ಅತ್ತೆ ಕಾರಿನ ಮುಂದೆ ನಿಂತಿದ್ದರು. "ಇದನ್ನ ಈಗ ಹೊಡದ್ರ ಇಳೀತೈತಿ," ಅಂದರು. ಹೀಗಾಗಿ ನಾನು ಎರಡು ವಾರ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ ಬಂದೆ. ಕಾರು ಕಾಂಪೌಂಡಿನಲ್ಲೇ ನಿಂತಿತು. ಓಣಿಯವರು, ಬೀಗರು, ಗ್ಯಾಸ್ ಸಿಲಿಂಡರ್ ತರುವವನು, ಯಾರೇ ಬಂದರೂ ಅತ್ತೆ ಕೀಲಿ ತಂದು, ತಿರುವಿ, ಅಂಕಿ ತೋರಿಸುತ್ತಿದ್ದರು. ಹೀಗೆ ತೋರಿಸಿ ತೋರಿಸಿ ಒಂದು ಭಾನುವಾರ ಬ್ಯಾಟರಿ ಸತ್ತಿತು. ಮೆಕ್ಯಾನಿಕ್ ಬಂದು ಹೊಸದನ್ನು ಹಾಕಿದ. ಕೀಲಿ ತಿರುವಿದರೆ ಅಂಕಿಯಿದ್ದ ಜಾಗದಲ್ಲಿ ಎರಡು ಸಣ್ಣ ಗೆರೆ.

"ಎಲ್ಲಿ ಹೋತು?" ಎಂದು ಅತ್ತೆ ಅವನನ್ನು ಕೇಳಿದರು.

"ಬ್ಯಾಟರಿ ತಗದ್ರ ಎಲ್ಲಾ ಅಳಿಸಿ ಹೋಗತೈತ್ರಿ ಅಜ್ಜಿ."

ಅವರು ಅತ್ತುಬಿಡುತ್ತಾರೆಂದು ನನಗೆ ಭಯವಾಯಿತು. ಅವರು ಕಾರಿನ ಬಾಗಿಲು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಎಷ್ಟೊತ್ತಿಗೆ ಹೊರಡೂದು?" ಅಂದರು.

ಮರುದಿನ ನಾನು ಹೊರಗೆ ಬರುವಷ್ಟರಲ್ಲಿ ಅವರು ಬೆಲ್ಟು ಹಾಕಿಕೊಂಡು ಕೂತಿದ್ದರು. ಮಳೆ ಹಿಡಿದಿತ್ತು. ಮಚ್ಛೆಯ ಹತ್ತಿರ ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯುತ್ತಲೇ ಇತ್ತು.

"ಎಷ್ಟು ತೋರಸತೈತಿ?" ಅಂದರು.

"ಒಂಬತ್ತ್ರಿ."

"ಇರಲಿ. ಬಸ್ಸಿನಾಂವಗ ಮುಂದ ಹೋಗಾಕ ಬಿಡು," ಅಂದು ಅತ್ತೆ ಕೈಚೀಲದಿಂದ ಶೇಂಗಾ ತೆಗೆದು ನನ್ನ ಅಂಗೈಗೆ ಹಾಕಿದರು.