ನಾನು ತುಳಿಯದ ಹುತ್ತ

ಇವತ್ತು ಬೆಳಗ್ಗೆ ಸೊಸೆ ಮನೆಯ ಕಟ್ಟೆಗೆ ಬಳಿಯಲು ಕೆಮ್ಮಣ್ಣು ನೆನೆಹಾಕಿದಳು. ನಿಮಗೆಲ್ಲ ಅದು ಹಬ್ಬದ ವಾಸನೆ. ನನಗೆ ಮೈ ಉರಿಯುತ್ತದೆ. ಯಾಕೆ ಎಂದು ಬಾಯಿಬಿಟ್ಟು ಹೇಳಲು ಈ ವಯಸ್ಸಿನಲ್ಲೂ ನಾಚಿಕೆ. ಪರಿಚಯದವರು ಮಾತಾಡಿಸಿದರೂ ಸೆರಗಿನೊಳಗೆ ಉತ್ತರ ಕೊಡುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ, ಮೊಮ್ಮಕ್ಕಳೇ. ಓದುವಾಗ ನನ್ನ ಮುಖ ನೋಡಬೇಡಿ.

ನಮ್ಮ ಕಡೆ ಇನ್ನೂ ಮುಂಬಯಿ ಸರಕಾರವಿದ್ದಾಗಿನ ಮಾತು. ರೋಣದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಹೊಸತು. ನಿಮ್ಮ ಅಜ್ಜ ಹತ್ತಿ ವ್ಯಾಪಾರಕ್ಕೆ ನರಗುಂದಕ್ಕೆ ಹೋಗುತ್ತಿದ್ದರು. ಪೇಟೆ ಜೋರಾಗಿದ್ದರೆ ಅಲ್ಲೇ ಉಳಿಯುತ್ತಿದ್ದರು. ಹಾಗೆ ಒಮ್ಮೆ ಹೋಗಿ ಬಂದ ಮೇಲೆ ನನಗೆ ಹೇಳಬಾರದ ಜಾಗದಲ್ಲಿ ನೀರುಗುಳ್ಳೆ ಎದ್ದವು. ಜ್ವರ, ಉರಿ, ಮೂತ್ರಕ್ಕೆ ಕುಳಿತರೆ ಕಣ್ಣಲ್ಲಿ ನೀರು. ನಾನು ನಡೆಯುವ ರೀತಿ ನೋಡಿ ಅತ್ತೆ ವಿಚಾರಿಸಿದರು, ತೀರ್ಪನ್ನೂ ಕೊಟ್ಟರು.

“ಹೊಲದಾಗ ಹುತ್ತ ತುಳದೀಯವಾ ನೀ. ನಾಗಪ್ಪ ಮುನದಾನ.”

ನಮ್ಮಲ್ಲಿ ಗುಳ್ಳೆ ಗುಂಪಾಗಿ ಎದ್ದರೆ ಅದು ಸರ್ಪನ ಕಾಟ. ಕೆಮ್ಮಣ್ಣು ಕಲಸಿ ಹಚ್ಚುತ್ತಾರೆ, ಉಪ್ಪು ಬಿಡಿಸುತ್ತಾರೆ, ಹುತ್ತಕ್ಕೆ ಹಾಲೆರೆಸುತ್ತಾರೆ. ನನಗೂ ಎಲ್ಲ ಆಯಿತು. ಕಡಲೆಹಿಟ್ಟಿನ ಜುಣಕವನ್ನು ಉಪ್ಪಿಲ್ಲದೆ ತಿಂದು ನೋಡಿ, ದೇವರ ಮೇಲೂ ಸಿಟ್ಟು ಬರುತ್ತದೆ. ಗುಳ್ಳೆ ಒಣಗಿದವು. ಅವು ತಾವಾಗಿಯೇ ಒಣಗುವಂಥವು ಎಂದು ಯಾರಿಗೆ ಗೊತ್ತು? ಕೆಲವು ತಿಂಗಳಿಗೆ ಮತ್ತೆ ಎದ್ದವು.

“ಮತ್ತ ತುಳದೇನ? ಕಣ್ಣ ನೆತ್ತಿಮ್ಯಾಲ ಇಟಗೊಂಡ ಅಡ್ಡಾಡತೀಯೇನ?”

ಆಮೇಲೆ ನಾನು ಬದುವಿನ ಮೇಲೆ ಕೋಳಿಯ ಹಾಗೆ ಬಗ್ಗಿ ನೋಡಿ ಕಾಲಿಡುತ್ತಿದ್ದೆ. ಆದರೂ ಬರುತ್ತಿತ್ತು. ಪ್ರತಿ ಸಲವೂ ನನ್ನದೇ ಹೊಸ ತಪ್ಪು. ಹಾಲಿನ ತಂಬಿಗೆ ಹಿಡಿದು ಹುತ್ತದವರೆಗೆ ನನ್ನ ಜೊತೆ ಬರುತ್ತಿದ್ದವರು ನಿಮ್ಮ ಅಜ್ಜ.

ಗಜೇಂದ್ರಗಡದಲ್ಲಿ ನನ್ನ ಅವ್ವ ಬಿದ್ದು ಸೊಂಟ ಮುರಿದುಕೊಂಡಾಗ ತಿಂಗಳುಗಟ್ಟಲೆ ಅಲ್ಲೇ ಇದ್ದೆ. ಹೊಲ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ಆದರೂ ಗುಳ್ಳೆ ಎದ್ದವು. ಅವ್ವನನ್ನು ನೋಡಲು ಬಂದ ಡಾಕ್ಟರಬಾಯಿಯನ್ನು ಒಳಗೆ ಕರೆದು, ಗೋಡೆ ನೋಡುತ್ತಾ ಹೇಳಿದೆ. ಆಕೆ ಪರೀಕ್ಷಿಸಿದರು.

“ಹುತ್ತದ್ದಲ್ಲ ತಂಗಿ. ಇದು ಗಂಡ-ಹೆಂಡಿರು ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಬರೂದು. ಒಮ್ಮೆ ಹೊಕ್ಕರ ಮೈಯಾಗ ಕುಂತಬಿಡತೈತಿ, ತನಗ ಬೇಕಾದಾಗ ಏಳತೈತಿ.”

“ಅಂದ್ರ ಪ್ರತಿ ಸಲ ಅವರು ಹೊಸಾದು ತರತಾರೇನ್ರಿ?”

“ಈ ಸಲದ್ದು ಹಳೇದ. ಉಳಿದದ್ದು ಬರೇ ಗುಳ್ಳಿ ನೋಡಿ ಹ್ಯಾಂಗ ಹೇಳಲಿ? ಅವನ್ನ ಕೇಳು.”

ಕರೆದೊಯ್ಯಲು ನಿಮ್ಮ ಅಜ್ಜ ಬಂದಾಗ, ಕಾಲಿಗೆ ನೀರು ಕೊಡುವ ಮೊದಲೇ ಕೇಳಿದೆ. ಅವರು ನೆಲ ನೋಡಿದರು.

“ಒಮ್ಮೆ, ನರಗುಂದದಾಗ. ನನಗೂ ಎದ್ದಿದ್ದವು. ಆಮ್ಯಾಲೆ ಯಾವ ಹೆಂಗಸಿನ ಕಡೀಗೂ ಹೋಗಿಲ್ಲ, ತಾಯಿ ಇಟಗಿ ಭೀಮವ್ವನ ಆಣಿ.”

“ಗೊತ್ತಿದ್ದೂ ನನ್ನ ಕೂಡ ಹುತ್ತಕ್ಕ ಬರತಿದ್ರಿ?”

“ಅವ್ವ ಏನಂದಾಳು ಅಂತ…”

“ನನಗ ಏನಂದ್ಲು ಅಂತ ಕೇಳಿದ್ರಲ್ಲ!”

ಒಳಗೆ ಮಲಗಿದ್ದ ನನ್ನ ಅವ್ವ, “ಯಾರವಾ ಬಂದಾಕಿ?” ಎಂದಳು. ನನ್ನ ದನಿ ಹೆತ್ತವಳಿಗೇ ಗುರುತಾಗಲಿಲ್ಲ.

ಮುಂದೆ ಗುಳ್ಳೆ ಎದ್ದಾಗ ಅತ್ತೆ ಮತ್ತೆ ಕೆಮ್ಮಣ್ಣು ಕಲಸಿದರು. ಆ ಬಟ್ಟಲನ್ನು ಎತ್ತಿ, ಉಣ್ಣುತ್ತಿದ್ದ ಗಂಡನ ಮುಂದಿಟ್ಟೆ. “ನಾ ಎಂದೂ ಹುತ್ತ ತುಳದಿಲ್ಲರಿ ಅತ್ತಿ. ಇದು ಎಲ್ಲಿಂದ ಬಂತು ಅಂತ ನಿಮ್ಮ ಮಗನ್ನ ಕೇಳ್ರಿ.” ಅತ್ತೆ ಮಗನ ಮುಖ ನೋಡುತ್ತಾ ನಿಂತರು. ಆಮೇಲೆ ಆ ಮಣ್ಣನ್ನು ತಿಪ್ಪೆಗೆ ಚೆಲ್ಲಿ ಬಂದರು. ಹುತ್ತದ ಮಾತು ಅಲ್ಲಿಗೆ ನಿಂತಿತು. ತಪ್ಪಾಯಿತು ಎಂದು ಮಾತ್ರ ಇಬ್ಬರಲ್ಲಿ ಒಬ್ಬರೂ ಅನ್ನಲಿಲ್ಲ.

ಆಣೆ ಖರೆಯೋ ಸುಳ್ಳೋ? ಅವರು ನರಗುಂದಕ್ಕೆ ಹೋದಾಗೆಲ್ಲ, ಗುಳ್ಳೆ ಎದ್ದಾಗೆಲ್ಲ ಅದೇ ಪ್ರಶ್ನೆ. ಸಂಸಾರ ಮಾಡಿದೆ, ನಿಮ್ಮ ಅಪ್ಪಂದಿರನ್ನು ಹೆತ್ತೆ, ಕೊನೆಗೆ ನಿಮ್ಮ ಅಜ್ಜನನ್ನು ಮಣ್ಣಿಗೆ ಕೊಟ್ಟೆ. ಉತ್ತರ ಸಿಗಲಿಲ್ಲ.

ಸಿಟ್ಟು ಹೋಗಿಲ್ಲ, ಹೋಗಲಿ ಎಂದು ಬರೆದದ್ದೂ ಅಲ್ಲ. ಹುಡುಗರೇ, ನಿಮಗೆ ಇಂಥದ್ದು ಎದ್ದರೆ ಹೆಂಡತಿಗೆ ಮೊದಲೇ ಹೇಳಿ. ಹುಡುಗಿಯರೇ, ನಿಮಗೆ ಎದ್ದರೆ ನನ್ನ ಹತ್ತಿರ ಬನ್ನಿ. ನಾಚಿಕೆಯಾಗುತ್ತದೆ, ನನಗೂ ಆಗುತ್ತದೆ. ಇಬ್ಬರೂ ನಾಚಿಕೊಂಡೇ ದವಾಖಾನೆಗೆ ಹೋಗೋಣ.