ಬರ್ಫ ಹೆಚ್ಚಾತ್ರಿ

ಕೋವಿಡ್ ಕಳೆದ ಎರಡನೆಯ ಬೇಸಿಗೆ. ಆಗ ನಾನು ಹುಬ್ಬಳ್ಳಿಯಲ್ಲಿ ಶೀತಲೀಕರಣದ ಸಲಹಾ ಇಂಜಿನಿಯರ್ ಆಗಿದ್ದೆ. ಒಣಮೆಣಸಿನಕಾಯಿ, ಹುಣಸೆಹಣ್ಣು, ಹಾಲು ಕೆಡದಂತೆ ತಣ್ಣಗಿಡುವುದು ನನ್ನ ವೃತ್ತಿ. ಮಕ್ಕಳ ಆಟಕ್ಕಾಗಿ ಏನನ್ನಾದರೂ ತಣ್ಣಗಿಡಬೇಕೆಂದು ಕೇಳಿದವರು ನೀಲಮ್ಮ ಒಬ್ಬರೇ.

ನೀಲಮ್ಮ ಮೆಣಸಿನಕಾಯಿ ವ್ಯಾಪಾರದ ಮನೆತನದವರು. ಗೋಪನಕೊಪ್ಪದ ಅಂಚಿನಲ್ಲಿ ಅವರ ಹಳೆಯ ಕೋಲ್ಡ್ ಸ್ಟೋರೇಜ್ ಖಾಲಿ ಬಿದ್ದಿತ್ತು. ಅದನ್ನು ಊರವರೆಲ್ಲ ಬಳಸುವ ಐಸ್ ರಿಂಕ್, ಅಂದರೆ ಬರ್ಫದ ಮೇಲೆ ಸ್ಕೇಟಿಂಗ್ ಆಡುವ ಅಂಗಳ, ಮಾಡಬಹುದೇ ಎಂದು ಪರೀಕ್ಷಿಸಿ ನಾನು ಫೀಸಿಬಿಲಿಟಿ ವರದಿ ಕೊಡಬೇಕಿತ್ತು. ಅವರ ತಲೆಗೆ ಈ ಹುಳ ಬಿಟ್ಟವಳು ನಸ್ರೀನ್. ಅವಳು ನೀಲಮ್ಮನ ಮೊಮ್ಮಗಳೂ ಸೇರಿದಂತೆ ಆ ಭಾಗದ ಮಕ್ಕಳಿಗೆ ಬೆಳಗ್ಗೆ ರಸ್ತೆಯ ಮೇಲೆ ಗಾಲಿ ಸ್ಕೇಟಿಂಗ್ ಕಲಿಸುತ್ತಿದ್ದ ಕೋಚ್. ಮಳೆಗಾಲಕ್ಕೆ ಮುಂಚೆ ಅವಳ ಮೊಣಕಾಲಿನ ಆಪರೇಷನ್ ಆಗಬೇಕಿತ್ತು. ಆಮೇಲೆ ಸ್ಕೇಟ್ ಕಟ್ಟಲೇಬಾರದೆಂದು ಡಾಕ್ಟರು ಹೇಳಿದ್ದರು. ಅವಳು ಜನ್ಮದಲ್ಲಿ ಒಮ್ಮೆಯೂ ಬರ್ಫದ ಮೇಲೆ ನಿಂತವಳಲ್ಲ.

"ನಮ್ಮ ಹುಡುಗರಿಗೆ ಆಗಲಿ ಮೇಡಂ," ಎಂದಳು ಮೊದಲ ದಿನ. ಸ್ವಲ್ಪ ತಡೆದು, "ಖರೇ ಹೇಳಬೇಕಂದ್ರ, ನನಗೂ," ಎಂದಳು.

ಕಂಪ್ರೆಸರ್ ನೋಡಿಕೊಳ್ಳುವ ಬಸಪ್ಪ ಕಾಕಾನಿಗೆ ಇದೆಲ್ಲ ತಮಾಷೆ. "ಜಾರಾಕ ಇಷ್ಟೆಲ್ಲಾ ಯಾಕ್ರಿ ಬಾಯಾರ? ನಮ್ಮನಿ ಬಚ್ಚಲಕ್ಕ ಬರ್ರಿ, ಪುಕ್ಕಟೆ ಜಾರಸ್ತೇನಿ."

"ನೀವು ಜಾರಿದ್ರ ಎತ್ತಾಕ ಕ್ರೇನ್ ತರಸಬೇಕ ಕಾಕಾ," ಎಂದಳು ನಸ್ರೀನ್.

ಮೆಣಸಿನಕಾಯಿಗೆ ಐದಾರು ಡಿಗ್ರಿ ಸಾಕು. ರಿಂಕಿಗೆ ನೆಲವೇ ಶೂನ್ಯಕ್ಕಿಂತ ಕೆಳಗಿಳಿಯಬೇಕು. ನೆಲದೊಳಗೆ ಕೊಳವೆ ಹಾಸಿ, ಹೆಪ್ಪುಗಟ್ಟದ ಗ್ಲೈಕಾಲ್ ದ್ರವವನ್ನು ತಣ್ಣಗೆ ಮಾಡಿ ಸದಾ ಹರಿಸಬೇಕು. ಕೊಳವೆಗಳ ಕೆಳಗೆ ಇನ್ಸುಲೇಷನ್ ಇರದಿದ್ದರೆ ಮಣ್ಣಿನ ತೇವವೂ ಹೆಪ್ಪುಗಟ್ಟಿ, ಉಬ್ಬಿ, ನೆಲವನ್ನೇ ಒಡೆಯುತ್ತದೆ. ಅಲ್ಲಿನದು ಎರೆಮಣ್ಣು, ಮೊದಲೇ ಉಬ್ಬುವ ಜಾತಿ. ಮೇಲೆ ಕರೆಂಟಿನ ಕಣ್ಣಾಮುಚ್ಚಾಲೆ. ಮೊದಲ ವಾರದಲ್ಲೇ ನನಗೆ ಉತ್ತರ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹೀಗೆ ಈಗ ಅನ್ನಿಸುವುದನ್ನು ನಾನು ನಂಬುವುದಿಲ್ಲ. ಗೊತ್ತಿದ್ದರೆ ಪ್ರಯೋಗಕ್ಕೆಂದು ತಗಡಿನ ತಟ್ಟೆ ಯಾಕೆ ಮಾಡಿಸುತ್ತಿದ್ದೆ?

ಹತ್ತು ಅಡಿ ಉದ್ದ, ಆರು ಅಡಿ ಅಗಲದ ತಟ್ಟೆ. ಅಡಿಯಲ್ಲಿ ಕೊಳವೆಗಳು, ಪಕ್ಕದಲ್ಲಿ ಬಾಡಿಗೆಯ ಚಿಲ್ಲರ್ ಯಂತ್ರ. ನೀರನ್ನು ಒಮ್ಮೆಲೇ ಸುರಿದರೆ ಬರ್ಫ ಬಿರುಕು ಬಿಡುತ್ತದೆ. ನೆಲ ಸಾರಿಸಿದಂತೆ ತೆಳ್ಳಗೆ ಹರಡಿ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು ಹಾಕಬೇಕು. ಗೋಡೆಗಳಲ್ಲಿ ವರ್ಷಗಳಿಂದ ಕೂತಿದ್ದ ಮೆಣಸಿನ ಧೂಳು ಉದುರಿ ಬರ್ಫ ತಿಳಿಗೆಂಪಾಯಿತು. ಎಲ್ಲರೂ ಸೀನುತ್ತಲೇ ಕೆಲಸ ಮಾಡಿದೆವು. ಸ್ಕೇಟ್ ತಾಳುವಷ್ಟು ದಪ್ಪವಾದ ಕೂಡಲೇ ಫೋನ್ ಮಾಡಲು ಕಾಕಾನಿಗೆ ಹೇಳಿ ಬಂದೆ.

ಒಂದು ಮುಂಜಾನೆ ಫೋನ್ ಬಂತು.

"ಬಾಯಾರ, ಬರ್ಫ ಹೆಚ್ಚಾತ್ರಿ."

"ಛಲೋ ಆತು ಕಾಕಾ! ನಸ್ರೀನ್‌ನ ಕರಕೊಂಡ ಬಂದೆ," ಎಂದು ಫೋನ್ ಇಟ್ಟುಬಿಟ್ಟೆ. ಕಾಕಾ ಇನ್ನೂ ಏನೋ ಹೇಳುತ್ತಿದ್ದ.

ನಸ್ರೀನ್ ಪುಣೆಯ ಗೆಳತಿಯಿಂದ ತರಿಸಿಕೊಂಡ ಬರ್ಫದ ಸ್ಕೇಟನ್ನು ಹೆಗಲಿಗೆ ನೇತುಹಾಕಿಕೊಂಡು ಬಂದಳು. ಬಾಗಿಲು ತೆರೆದರೆ ತಟ್ಟೆಯ ತುಂಬ ಕೆಂಪು ನೀರು. ಕರೆಂಟು ಹೋಗಿ ಬಂದಿತ್ತು. ಚಿಲ್ಲರ್ ತಿರುಗಿ ಶುರುವಾಗಿರಲಿಲ್ಲ.

"ಹೆಚ್ಚಾತು ಅಂದ್ರಲ್ಲ ಕಾಕಾ?" ಎಂದೆ.

"ಹೆಚ್ಚಾತಲ್ರಿ ಮತ್ತ! ಈ ಹುಡುಗಿ ಇಷ್ಟ ಆಸೆ ಇಟ್ಟೈತಿ, ಕರಗಿತು ಅಂತ ಬಾಯಿಲೆ ಹೆಂಗ ಹೇಳ್ಲಿ?"

ಬಳೆ ಒಡೆದರೆ, ಡಬ್ಬಿಯ ಅಕ್ಕಿ ಮುಗಿದರೆ ನಮ್ಮಲ್ಲಿ ಒಡೆಯಿತು, ಮುಗಿಯಿತು ಎಂಬ ಅಶುಭ ಮಾತು ಆಡುವುದಿಲ್ಲ. ಹೆಚ್ಚಾಯಿತು ಅನ್ನುತ್ತೇವೆ. ನಾನೂ ಹಾಗೆ ಹೇಳುತ್ತಲೇ ಬೆಳೆದವಳು. ಆದರೆ ಆ ವಾರವೆಲ್ಲ ನನ್ನ ತಲೆಯಲ್ಲಿ ಇದ್ದದ್ದು ಬರ್ಫದ ದಪ್ಪವೊಂದೇ.

ನಸ್ರೀನ್ ಚಪ್ಪಲಿ ಬಿಟ್ಟು ನೀರಿನಲ್ಲಿ ನಿಂತಳು. "ಥಂಡಿ ಅಂತೂ ಐತ್ರಿ ಮೇಡಂ," ಎಂದು ಸೀನಿದಳು. ಕಣ್ಣೀರು ಮೆಣಸಿನದೋ ಬೇರೆಯದೋ, ನಾನು ಕೇಳಲಿಲ್ಲ.

ಸುದ್ದಿ ತಿಳಿದು ನೀಲಮ್ಮ ಬಂದರು. ಈ ನೆಲ, ಈ ಕರೆಂಟು, ಎರಡೂ ರಿಂಕನ್ನು ತಾಳುವುದಿಲ್ಲ, ವರದಿಯಲ್ಲಿ ಹಾಗೆಯೇ ಬರೆಯಬೇಕಾಗುತ್ತದೆ ಎಂದೆ.

"ಆಮ್ಯಾಲೆ ಬರಿಯಂತಿ ತಂಗಿ. ಮೊದಲ ಇನ್ನೊಮ್ಮೆ ಬರ್ಫ ಕಟ್ಟು. ಈ ಹುಡುಗಿ ಆಪರೇಷನ್ ಮುಂದ ಬಂದೈತಿ, ನಿನ್ನ ರಿಪೋರ್ಟ್ ಎಲ್ಲಿ ಓಡಿ ಹೋಗತೈತಿ?"

ಕಟ್ಟಿದೆವು. ನಸ್ರೀನ್ ಸ್ಕೇಟ್ ಬಿಗಿದು, ನೀಲಮ್ಮನ ಕೈ ಹಿಡಿದು ಹತ್ತಿದಳು. ಕೈ ಬಿಟ್ಟಳು. ನನ್ನ ನೆನಪಿನಲ್ಲಿ ಅವಳು ದೊಡ್ಡದಾಗಿ ಮೂರು ಸುತ್ತು ಹಾಕುತ್ತಾಳೆ, ದುಪಟ್ಟಾ ಹಿಂದೆ ಹಾರುತ್ತದೆ. ಹತ್ತು ಅಡಿ, ಆರು ಅಡಿ: ಅದು ಆಗುವ ಮಾತಲ್ಲ. ಒಮ್ಮೆ ನೂಕಿದರೆ ಅಂಚು ಬರುತ್ತದೆ. ಅಳತೆ ಹಿಡಿದವಳು ನಾನೇ. ಬಹುಶಃ ಅವಳು ನಿಂತಲ್ಲೇ ತಿರುಗಿದ್ದಳು. ಆದರೂ ಆ ಮೂರು ಸುತ್ತು ನನ್ನ ಕಣ್ಣಿಂದ ಹೋಗಿಲ್ಲ. ಖಚಿತವಾಗಿ ಹೇಳಬಲ್ಲದ್ದು ಇಷ್ಟೇ: ಕಾಕಾ ಅಂದು ತಮಾಷೆ ಮಾಡಲಿಲ್ಲ.

ಸಮುದಾಯ ಐಸ್ ರಿಂಕ್ ಕಾರ್ಯಸಾಧ್ಯವಲ್ಲ ಎಂದು ವರದಿ ಬರೆದೆ. ಜೊತೆಗೆ, ಈ ದಪ್ಪ ಗೋಡೆಗಳು ಏಪ್ರಿಲ್‌ನಲ್ಲೂ ಕೋಣೆಯನ್ನು ತಂಪಾಗಿಡುತ್ತವೆ, ನೆಲ ನುಣುಪು ಮಾಡಿದರೆ ಗಾಲಿ ಸ್ಕೇಟಿಂಗಿಗೆ ಒಳ್ಳೆಯದು ಎಂದೂ ಸೇರಿಸಿದೆ. ಯಾರೂ ಕೇಳಿರದ ಪ್ಯಾರಾ ಅದು. ಈಗ ಮಕ್ಕಳು ರಸ್ತೆ ಬಿಟ್ಟು ಅಲ್ಲಿ ಕಲಿಯುತ್ತಾರೆ. ನಸ್ರೀನ್ ಕುರ್ಚಿಯಲ್ಲಿ ಕೂತು, "ಮಣಕಾಲ ಬಗ್ಗಸ್ರಿ, ನನ್ನಂಗ ಕಟ್ಟಿಗಿ ಆಗಬ್ಯಾಡ್ರಿ!" ಎಂದು ಬೈಯುತ್ತಾಳೆ.

ಸಾಧ್ಯವಿಲ್ಲ ಎಂದು ಬರೆಯುವಾಗ ಅದರ ಕೆಳಗೆ ಯಾರ ಕಾಲಿದೆ ಎಂದು ನೋಡಬೇಕು. ವೃತ್ತಿ ನನಗೆ ಕಲಿಸಿದ್ದು ಇದೊಂದನ್ನೇ ಇರಬಹುದು. ಆ ಬರ್ಫದ ಯೋಜನೆ ಕೊನೆಗೆ ಏನಾಯಿತೆಂದು ಈಗಲೂ ಕೆಲವರು ಕೇಳುತ್ತಾರೆ.

"ಹೆಚ್ಚಾತು," ಅನ್ನುತ್ತೇನೆ.

ಹೊರಗಿನವರು ಕೈ ಕುಲುಕಿ ಅಭಿನಂದಿಸುತ್ತಾರೆ. ನಮ್ಮವರು "ಅಯ್ಯ, ಹೌದಾ?" ಎಂದು ಸುಮ್ಮನಾಗುತ್ತಾರೆ. ಇಬ್ಬರನ್ನೂ ನಾನು ತಿದ್ದುವುದಿಲ್ಲ.